ಹಳೆ ಆಟಕ್ಕೆ ಕನ್ನಡ ಬರಬೇಕಾದರೆ ಪ್ರೋಗ್ರಾಂ ಕೂಡ ಬಗ್ಗಬೇಕು

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಮಕ್ಕಳು ಸಿಗುವುದೇ ಕಷ್ಟವಾಗಿರುವಾಗ ಇಲ್ಲಿ ಯಾರೋ ಹಳೆಯ ಕಂಪ್ಯೂಟರ್ ಆಟವೊಂದನ್ನು ಕನ್ನಡಕ್ಕೆ ತರುತ್ತಾ ಕೂತಿದ್ದಾರಂತೆ, ಇದು ಕೆಲಸ ಇಲ್ಲದವರ ಕೆಲಸ ಎಂದು. ಕೊನೆಗೆ ಇನ್ನೊಂದು ಮಾತನ್ನೂ ಸೇರಿಸಿದ್ದರು. ಹೇಗೂ ಯಂತ್ರಕ್ಕೆ ಕೊಟ್ಟರೆ ಎರಡು ನಿಮಿಷದಲ್ಲಿ ಅನುವಾದ ಆಗುತ್ತದಲ್ಲ, ಅದಕ್ಕೆ ಇಷ್ಟು ಜನ ಯಾಕೆ ಅಂತ.

ಆ ‘ಯಾರೋ’ಗಳಲ್ಲಿ ನಾನೂ ಒಬ್ಬಳು. ಪೈವಳಿಕೆಯವಳು, ನಿವೃತ್ತ ಕನ್ನಡ ಟೀಚರ್. ಮೊದಲನೆಯ ಮಾತಿಗೆ ನನ್ನ ತಕರಾರಿಲ್ಲ. ಪಿಂಚಣಿ ಬರುತ್ತದೆ, ಕೆಲಸ ನಿಜಕ್ಕೂ ಇಲ್ಲ. ಈ ಪತ್ರ ಎರಡನೆಯ ಮಾತಿಗೆ. ಯಾಕೆಂದರೆ ಅದು ಅವರೊಬ್ಬರ ಅಭಿಪ್ರಾಯ ಅಲ್ಲ, ಓದಿದವರಲ್ಲೂ ಜಾಸ್ತಿ ಜನ ಹೀಗೇ ತಿಳಿದಿದ್ದಾರೆ.

ಆಟದ ಹೆಸರು ‘ಕೊಲಾಸಲ್ ಕೇವ್ ಅಡ್ವೆಂಚರ್’. ಚಿತ್ರ ಇಲ್ಲ, ಸದ್ದಿಲ್ಲ, ಗುಂಡು ಹಾರಿಸುವುದಿಲ್ಲ. ಬರೀ ಅಕ್ಷರ. ನೀವು ಒಂದು ರಸ್ತೆಯ ಕೊನೆಯಲ್ಲಿ, ಇಟ್ಟಿಗೆಯ ಸಣ್ಣ ಕಟ್ಟಡದ ಎದುರು ನಿಂತಿದ್ದೀರಿ, ಸುತ್ತ ಕಾಡು ಎಂದು ಪರದೆ ಹೇಳುತ್ತದೆ. ನೀವು ಒಂದೋ ಎರಡೋ ಪದ ಟೈಪ್ ಮಾಡಿ ಏನು ಮಾಡಬೇಕೆಂದು ಹೇಳುತ್ತೀರಿ. ಹಾಗೆ ಹೇಳುತ್ತಾ ಹೇಳುತ್ತಾ ಗುಹೆಯೊಳಗೆ ಇಳಿದು, ನಿಧಿ ಹುಡುಕಿ, ಹೊರಗೆ ತರಬೇಕು. ಅಮೆರಿಕದ ವಿಲ್ ಕ್ರೌದರ್ ಇದನ್ನು 1975–76ರ ಹೊತ್ತಿಗೆ ಬರೆದರು. ಇಂಟರ್ನೆಟ್‌ಗೆ ಮೊದಲಿನ ಆರ್ಪಾನೆಟ್ ಕಟ್ಟಿದ ತಂಡದಲ್ಲಿ ಇದ್ದವರು. ಬಿಡುವಿನಲ್ಲಿ ಗುಹೆ ಹೊಕ್ಕು ನಕ್ಷೆ ಬರೆಯುವ ಹುಚ್ಚು. ಕೆಂಟಕಿಯ ಮ್ಯಾಮತ್ ಗುಹೆಯ ಒಂದು ಭಾಗವನ್ನೇ ಆಟದೊಳಗೆ ಇಟ್ಟರು. ಸಂಸಾರ ಮುರಿದಿತ್ತು, ಇಬ್ಬರು ಹೆಣ್ಣುಮಕ್ಕಳು ಬಂದಾಗ ಆಡಲಿ ಎಂದು ಬರೆದದ್ದು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ದೊಡ್ಡದು ಮಾಡಿದರು. ಕ್ರೌದರ್ ಆಟಕ್ಕೆ ಗೊತ್ತಿದ್ದದ್ದು 193 ಪದ, ವುಡ್ಸ್ ಅದನ್ನು 293ಕ್ಕೆ ಏರಿಸಿದರು.

ಇದನ್ನೇ ಯಾಕೆ ಆರಿಸಿದ್ದು? ಎರಡು ಕಾರಣ. ಒಂದು, ಹಕ್ಕಿನ ತಕರಾರಿಲ್ಲ. ಇಬ್ಬರೂ ಲೇಖಕರ ಒಪ್ಪಿಗೆ ಪಡೆದು ಎರಿಕ್ ರೇಮಂಡ್ ಎಂಬವರು 2017ರಲ್ಲಿ ಇದರ 1995ರ ಆವೃತ್ತಿಯನ್ನು ಮುಕ್ತ ಲೈಸೆನ್ಸಿನಲ್ಲಿ ಹೊರತಂದರು. ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಇನ್ನೊಂದು, ಆಟದ ಮಾತೆಲ್ಲ ಒಂದೇ ಫೈಲಿನಲ್ಲಿದೆ. ಜಾಗಗಳ ವರ್ಣನೆ, ವಸ್ತುಗಳು, ಸುಳಿವುಗಳು, ಆಟಕ್ಕೆ ಅರ್ಥವಾಗುವ ಪದಗಳು ಎಲ್ಲ. ಪ್ರೋಗ್ರಾಂ ಬೇರೆ, ಮಾತು ಬೇರೆ. ಐವತ್ತು ವರ್ಷದ ಹಿಂದೆಯೇ ಹಾಗೆ ಮಾಡಿದ್ದರು ಎಂಬುದು ದೊಡ್ಡ ವಿಷಯ.

ನನ್ನ ತಂಗಿಯ ಮಗ ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನಿಗೆ ಮೊದಲು ಮನಸ್ಸಿದ್ದದ್ದು ಟಿ.ವಿ.ಗೆ ಸಿಕ್ಕಿಸಿ ಆಡುವ ಹಳೆ ಜಪಾನಿ ಕ್ಯಾಸೆಟ್ ಆಟಗಳ ಮೇಲೆ. ಅವನ್ನು ಇಂಗ್ಲಿಷಿಗೆ ತಂದ ಹವ್ಯಾಸಿಗಳು ಜಗತ್ತಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಆಟದ ಹಕ್ಕು ಕಂಪನಿಯದ್ದು, ಆದ್ದರಿಂದ ಆಟವನ್ನು ಹಂಚುವುದಿಲ್ಲ, ಬದಲಾದ ಭಾಗದ ತೇಪೆಯನ್ನು ಮಾತ್ರ ಹಂಚುತ್ತಾರೆ. ಅವರ ತಾಳ್ಮೆಗೆ ಕೈ ಮುಗಿಯಬೇಕು. ಆದರೆ ಕನ್ನಡಕ್ಕೆ ಅಲ್ಲಿ ಜಾಗ ಇಲ್ಲ. ಎಂಟು ಬಿಟ್‌ನ ನಿಂಟೆಂಡೊ ಎಂಬ ಆಟದ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಸಿಗುವುದು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕ. ಒಂದು ಹೊತ್ತಿಗೆ ಇಡಬಹುದಾದ ಚೌಕಗಳು 256. ಅದರಲ್ಲೇ ಹಿನ್ನೆಲೆಯ ಗಿಡ, ಗೋಡೆ ಎಲ್ಲ ಬರಬೇಕು. ನಮ್ಮ 34 ವ್ಯಂಜನಗಳಿಗೆ 13 ಸ್ವರ ಹಚ್ಚಿದ ಬರೀ ಕಾಗುಣಿತವೇ 442 ಆಗುತ್ತದೆ. ಒತ್ತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಲೆಕ್ಕ ಹಾಕಿ ತೋರಿಸಿದೆ, ಅವನು ಸುಮ್ಮನಾದ.

ಈಗ ಯಂತ್ರಕ್ಕೆ ಕೊಟ್ಟರೆ ಎರಡು ನಿಮಿಷ ಎಂಬ ಮಾತಿಗೆ ಬರೋಣ. ಕೊಟ್ಟು ನೋಡಿದ್ದೇವೆ. ವಾಕ್ಯಗಳು ಪರವಾಗಿಲ್ಲ ಅನ್ನುವ ಹಾಗೆಯೇ ಬಂದವು. ತಾಪತ್ರಯ ವಾಕ್ಯದಲ್ಲಿಲ್ಲ. ಇಂಥ ಆಟಕ್ಕೆ ಒಂದು ಬಾಯಿ, ಒಂದು ಕಿವಿ ಇರುತ್ತದೆ ಎಂದುಕೊಳ್ಳಿ. ಪರದೆಯ ಮೇಲೆ ಬರುವುದು ಬಾಯಿಯ ಮಾತು. ನಾವು ಟೈಪ್ ಮಾಡಿದ್ದು ಕಿವಿಗೆ ಹೋಗುತ್ತದೆ. ಅನುವಾದ ಎಂದರೆ ಎಲ್ಲರೂ ಬಾಯಿಯನ್ನು ಮಾತ್ರ ನೋಡುತ್ತಾರೆ. ಕಿವಿ ಇಂಗ್ಲಿಷಿನದ್ದೇ ಉಳಿದರೆ ಕನ್ನಡದಲ್ಲಿ ಕಥೆ ಓದಿ ಇಂಗ್ಲಿಷಿನಲ್ಲಿ ಆಜ್ಞೆ ಕೊಡಬೇಕಾಗುತ್ತದೆ. ಅದೆಂಥ ಕನ್ನಡದ ಆಟ?

ಕಿವಿಯ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಜಾ ಇರುವುದು ಅಲ್ಲಿಯೇ.

ಮೂಲ ಆಟ ಓಡುತ್ತಿದ್ದದ್ದು ಪಿಡಿಪಿ-10 ಎಂಬ ಕಂಪ್ಯೂಟರಿನಲ್ಲಿ. ಅದರ ನೆನಪಿನ ಒಂದು ಮನೆಯಲ್ಲಿ 36 ಬಿಟ್ (ಬಿಟ್ ಎಂದರೆ ಕಂಪ್ಯೂಟರಿನ ನೆನಪಿನ ಅತಿ ಸಣ್ಣ ಅಳತೆ). ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್. ಹಾಗಾಗಿ ಒಂದು ಮನೆಯಲ್ಲಿ ಐದು ಅಕ್ಷರ ಹಿಡಿಸಿ ಒಂದು ಬಿಟ್ ಮಿಗುತ್ತದೆ. ಆದ್ದರಿಂದ ಆಟ ಯಾವ ಪದದಲ್ಲೂ ಮೊದಲ ಐದು ಅಕ್ಷರ ಮಾತ್ರ ನೋಡುತ್ತದೆ. ಇದನ್ನು ಆಟದ ಸೂಚನೆಯಲ್ಲೇ ಹೇಳಿದ್ದಾರೆ. ಆ ಯಂತ್ರ ಹೋಯಿತು, ಐದರ ಕಟ್ಟಳೆ ಉಳಿಯಿತು. ಇಂಗ್ಲಿಷಿನವರಿಗೆ ಇದರಿಂದ ದೊಡ್ಡ ತೊಂದರೆ ಏನೂ ಇಲ್ಲ.

ನಮಗೆ ಏನಾಯಿತು ನೋಡಿ. ಈಗಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು (ಎಂಟು ಬಿಟ್ ಸೇರಿದರೆ ಒಂದು ಬೈಟ್). ‘ಹಕ್ಕಿ’ ಎಂದರೆ ಹ, ಕ, ಅರ್ಧಾಕ್ಷರದ ಗುರುತು, ಮತ್ತೊಂದು ಕ, ಇಕಾರದ ಗುಣಿಸು. ಐದು ಚಿಹ್ನೆ, ಹದಿನೈದು ಬೈಟ್. ಪ್ರೋಗ್ರಾಂ ಎಣಿಸುವುದು ಬೈಟನ್ನು. ಐದು ಬೈಟಿಗೆ ಕತ್ತರಿ ಹಾಕಿದರೆ ‘ಹ’ ಪೂರ್ತಿ ಉಳಿದು ‘ಕ’ ನಡುವೆಯೇ ತುಂಡಾಗುತ್ತದೆ. ಉಳಿದ ತುಂಡಿನಿಂದ ಅದು ಯಾವ ಅಕ್ಷರ ಎಂದು ಗೊತ್ತಾಗುವುದಿಲ್ಲ. ‘ಹಾವು’ ಬರೆದರೂ ಐದು ಬೈಟಿನಲ್ಲಿ ಉಳಿಯುವುದು ಅಷ್ಟೇ, ಚೂರೂ ವ್ಯತ್ಯಾಸ ಇಲ್ಲ. ಹಾಗಾಗಿ ಆಟದ ಮಟ್ಟಿಗೆ ಹಕ್ಕಿಯೂ ಒಂದೇ ಹಾವೂ ಒಂದೇ. ಈ ಆಟದಲ್ಲಿ ಹಕ್ಕಿಯನ್ನು ಪಂಜರದಲ್ಲಿ ಹಿಡಿದು ತಂದು ಬಿಟ್ಟರೆ ಅದು ದಾರಿಗಡ್ಡ ಇರುವ ಹಾವನ್ನು ಓಡಿಸುತ್ತದೆ. ಎರಡೂ ಒಂದೇ ಆದರೆ ಆಟ ಅಲ್ಲಿಗೇ ಮುಗಿಯಿತು. ಬೈಟ್ ಬಿಟ್ಟು ಅಕ್ಷರ ಎಣಿಸುವ ಹಾಗೆ ತಂಗಿಯ ಮಗ ಪ್ರೋಗ್ರಾಂ ತಿದ್ದಿದ. ಎರಡು ನಿಮಿಷದಲ್ಲಿ ವಾಕ್ಯ ಕೊಡುವ ಯಂತ್ರ ಇದನ್ನು ಹೇಳಲಿಲ್ಲ. ಹೇಳಲು ಅದಕ್ಕೆ ಪ್ರೋಗ್ರಾಂ ತೋರಿಸಿದವರೇ ಇರಲಿಲ್ಲ, ವಾಕ್ಯ ಮಾತ್ರ ತೋರಿಸಿದ್ದು.

ಆಮೇಲೆ ದಿಕ್ಕುಗಳು. ಆಡುವವರು ಪ್ರತಿ ಹೆಜ್ಜೆಗೂ ದಿಕ್ಕು ಕೊಡಬೇಕು. ಪೂರ್ತಿ ಪದ ಬರೆಯುತ್ತಾ ಕೂರಲು ಯಾರಿಗೆ ಪುರುಸೊತ್ತು? ಇಂಗ್ಲಿಷಿನಲ್ಲಿ ಒಂದಕ್ಷರ ಸಾಕು. ನಮ್ಮಲ್ಲಿ ಪೂರ್ವವೂ ‘ಪ’, ಪಶ್ಚಿಮವೂ ‘ಪ’. ಏನು ಮಾಡುವುದು ಎಂದು ನಾವು ದೊಡ್ಡವರು ಜಗಲಿಯಲ್ಲಿ ಕೂತು ಚರ್ಚೆ ಮಾಡುತ್ತಿದ್ದೆವು. ಪಕ್ಕದ ಮನೆಯ ಎಂಟನೆಯ ಕ್ಲಾಸಿನ ಹುಡುಗಿ, ಮನೆಯಲ್ಲಿ ತುಳು ಮಾತಾಡುವವಳು, “ಮೂಡು ಪಡು ಹಾಕಿದರೆ ಆಗ್ತದಲ್ಲ ಟೀಚರ್” ಎಂದಳು. ಮೂಡು, ಪಡು, ತೆಂಕು, ಬಡಗು. ಮೂ, ಪ, ತೆ, ಬ. ನಾಲ್ಕೂ ಬೇರೆ ಬೇರೆ! ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟು ಎಂದು ದಿನಾ ಹೇಳುವ ಊರಿನಲ್ಲಿ ಇದು ನಮಗೆ ಹೊಳೆಯಲೇ ಇಲ್ಲ.

ಮೂಲೆಗಳಿಗಂತೂ ಕನ್ನಡ ಇಂಗ್ಲಿಷಿಗಿಂತ ವಾಸಿ. ಐದಕ್ಷರದ ಕಟ್ಟಳೆಯಿಂದಾಗಿ ಇಂಗ್ಲಿಷಿನಲ್ಲಿ ‘ನಾರ್ತ್’ ಮತ್ತು ‘ನಾರ್ತ್ ಈಸ್ಟ್’ ಒಂದೇ ಆಗಿಬಿಡುತ್ತವೆ, ಅದಕ್ಕೆ ‘ಎನ್.ಇ.’ ಎಂದೇ ಬರೆಯಿರಿ ಎಂದು ಆಟ ಕೇಳಿಕೊಳ್ಳುತ್ತದೆ. ನಮಗೆ ಈಶಾನ್ಯ, ಆಗ್ನೇಯ, ನೈರುತ್ಯ, ವಾಯವ್ಯ ಎಂದು ಬೇರೆಯೇ ಹೆಸರುಗಳಿವೆ, ಮೊದಲ ಅಕ್ಷರವೂ ಬೇರೆ. ವಾಸ್ತುವಿನ ಹುಚ್ಚು ಹತ್ತಿದ ಮೇಲೆ ಎಲ್ಲರಿಗೂ ಇವು ಬಾಯಿಪಾಠ. ಆ ಹುಚ್ಚಿನಿಂದ ನಾನು ಕಂಡ ಒಂದೇ ಉಪಯೋಗ ಇದು.

ಕ್ರಿಯಾಪದಗಳಲ್ಲಿ ಒಂದು ಮಾತ್ರ ನಮ್ಮನ್ನು ಸರಿಯಾಗಿ ಸತಾಯಿಸಿತು. ನಮ್ಮ ಕಡೆ ಬಾಗಿಲು ತೆಗೆ ಎಂದರೆ ತೆರೆ. ಕೀಲಿಕೈ ತೆಗೆ ಎಂದರೆ ಕೈಗೆ ತಗೋ. ಆಟದಲ್ಲಿ ಇವೆರಡು ಬೇರೆ ಬೇರೆ ಆಜ್ಞೆ. ‘ತೆಗೆ’ ಬೇಡ, ‘ತೆರೆ’ ಎಂದೇ ಬರೆಯಿರಿ ಎಂದು ಮಕ್ಕಳಿಗೆ ಹೇಳಬಹುದಿತ್ತು. ಟೀಚರ್ ಆಗಿದ್ದಾಗ ಹಾಗೇ ಹೇಳುತ್ತಿದ್ದೆನೋ ಏನೋ. ಆದರೆ ಮಗು ಮನೆಯಲ್ಲಿ ಆಡುವ ಮಾತು ಆಟಕ್ಕೆ ಅರ್ಥವಾಗದಿದ್ದರೆ ಮಗುವನ್ನು ತಿದ್ದುವುದು ಯಾವ ನ್ಯಾಯ? ಈಗ ಪ್ರೋಗ್ರಾಂ ಪಕ್ಕದ ಪದ ನೋಡುತ್ತದೆ. ಗುಹೆಯ ಬಾಯಿಗಿರುವ ಉಕ್ಕಿನ ಸರಳಿನ ಬಾಗಿಲಾದರೆ ತೆರೆಯುವುದು, ಕೀಲಿಕೈಯಾದರೆ ಎತ್ತಿಕೊಳ್ಳುವುದು. ಮರುವಾಯಿ (ನೀರಿನಲ್ಲಿರುವ, ಎರಡು ಚಿಪ್ಪಿನ ಜೀವಿ) ಒಂದರಲ್ಲಿ ಎರಡೂ ಆಗಬಹುದು. ಗುಹೆಯೊಳಗೆ ದೊಡ್ಡ ಮರುವಾಯಿ ಒಂದಿದೆ. ಅದನ್ನು ಹೊರಬಹುದು, ಬಾಯಿ ಬಿಡಿಸಲೂಬಹುದು. ಅಲ್ಲಿ ಮಾತ್ರ ಆಟ, ಎತ್ತಿಕೊಳ್ಳಬೇಕಾ ತೆರೆಯಬೇಕಾ ಎಂದು ತಿರುಗಿ ಕೇಳುತ್ತದೆ.

ಯಾವ ಕನ್ನಡ ಎಂಬ ಜಗಳ ಕೂಡ ಹೀಗೇ ಬಗೆಹರಿಯಿತು. ಮೂಲದಲ್ಲೇ ಒಂದು ಕೆಲಸಕ್ಕೆ ಏಳೆಂಟು ಪದ ಒಪ್ಪುವ ಏರ್ಪಾಟಿದೆ. ಇಂಗ್ಲಿಷಿನಲ್ಲಿ ಟೇಕ್, ಕ್ಯಾರಿ, ಗೆಟ್, ಕ್ಯಾಚ್, ಸ್ಟೀಲ್ ಎಲ್ಲವೂ ಒಂದೇ ಸಾಲಿನಲ್ಲಿವೆ. ನಾವು ತಗೋ, ತೆಗೆದುಕೋ, ತೆಕ್ಕೋ, ಎತ್ತು, ಹಿಡಿ ಎಲ್ಲ ಹಾಕಿದ್ದೇವೆ. ಧಾರವಾಡದವರ ‘ತಗೊ’ ಕೂಡ ನಡೆಯುತ್ತದೆ. ಹೌದು ಎನ್ನಲು ‘ಹೂಂ’, ಹವ್ಯಕರ ‘ಅಪ್ಪು’, ತುಳುವಿನ ‘ಅಂದ್’ ಮೂರೂ ಆಗುತ್ತದೆ. ಆಟ ಮಾತ್ರ ಎಲ್ಲರಿಗೂ ಗೊತ್ತಿರುವ ಒಂದೇ ಸರಳ ಕನ್ನಡದಲ್ಲಿ ಉತ್ತರ ಕೊಡುತ್ತದೆ.

ನೀನು ಅನ್ನಬೇಕೋ ನೀವು ಅನ್ನಬೇಕೋ? ಈ ಪ್ರಶ್ನೆಗೆ ಉತ್ತರ ಆಟದೊಳಗೇ ಇತ್ತು. ನಿಮ್ಮ ಕಣ್ಣು ಕೈ ನಾನೇ, ಏನು ಮಾಡಬೇಕು ಹೇಳಿ ಎಂದು ಆಟ ಶುರುವಿನಲ್ಲಿ ಹೇಳುತ್ತದೆ. ಅಂದ ಮೇಲೆ ಅದು ಹೇಳಿದ ಕೆಲಸ ಮಾಡುವ ಆಳು. ಆಡುವವರು ‘ದೀಪ ತಗೋ’ ಎನ್ನಲಿ, ಅದು ‘ನೀವು’ ಎಂದೇ ಮಾತಾಡಲಿ. “ಕಂಪ್ಯೂಟರ್ ನಮಗೆ ನೀವು ಹೇಳ್ತದೆ” ಎಂದು ಮಕ್ಕಳಿಗೆ ಭಾರಿ ಖುಷಿ. ದೊಡ್ಡವರಿಂದ ಅವರಿಗೆ ಸಿಗದ ಮರ್ಯಾದೆ ಅದು, ಅಲ್ವಾ?

ಇನ್ನು ಬಾಯಿಯ ವಿಷಯ. ಅಲ್ಲಿಯೂ ಯಂತ್ರ ಎಡವುತ್ತದೆ. ಯಂತ್ರ ಮಾತ್ರ ಅಲ್ಲ, ಒಳ್ಳೆಯ ಕನ್ನಡ ಬಲ್ಲವರೂ ಎಡವುತ್ತಾರೆ. ಯಾಕೆಂದರೆ ಆಟದ ವಾಕ್ಯಗಳು ಸುಮ್ನೆ ವರ್ಣನೆಯಲ್ಲ, ಸುಳಿವು. ಗುಹೆಯೊಳಗೆ ದಾರಿ ತಪ್ಪಿಸುವ ಎರಡು ಜಟಿಲ ಜಾಗಗಳಿವೆ. ಒಂದರಲ್ಲಿ ಎಲ್ಲ ಕೋಣೆಗಳ ವರ್ಣನೆಯೂ ಅಕ್ಷರಶಃ ಒಂದೇ. ಎಲ್ಲಿದ್ದೇವೆ ಎಂದು ಗೊತ್ತಾಗಬೇಕಾದರೆ ಕೈಯಲ್ಲಿರುವ ವಸ್ತು ಒಂದೊಂದನ್ನೇ ಅಲ್ಲಲ್ಲಿ ಇಟ್ಟು ಗುರುತು ಮಾಡಿಕೊಳ್ಳಬೇಕು. ಇನ್ನೊಂದರಲ್ಲಿ ಪ್ರತಿ ಕೋಣೆಯ ವರ್ಣನೆಯೂ ಬೇರೆ, ಆದರೆ ಪದಗಳು ಹೆಚ್ಚುಕಡಿಮೆ ಅವೇ. ಜಾಗ ಮಾತ್ರ ಅದಲುಬದಲು. ಸುತ್ತುಬಳಸಿನ ಸಣ್ಣ ಓಣಿಗಳ ಜಾಲ. ಸಣ್ಣ ಓಣಿಗಳ ಸುತ್ತುಬಳಸಿನ ಜಾಲ. ಸುತ್ತುಬಳಸಿನ ಓಣಿಗಳ ಸಣ್ಣ ಜಾಲ. ಇದನ್ನು ಗಮನಿಸಿದವರು ನಕ್ಷೆ ಬರೆದು ಪಾರಾಗುತ್ತಾರೆ. ಗಮನಿಸದವರು ಅಲ್ಲೇ ಸುತ್ತುತ್ತಾರೆ. ಈಗ ಈ ಫೈಲು ನಿಮ್ಮ ಕಚೇರಿಯಲ್ಲಿ ಕರಡು ತಿದ್ದುವವರ ಕೈಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಪಾಪ, ಅವರು ಎಲ್ಲವನ್ನೂ ಒಂದೇ ಸರಿಯಾದ ರೂಪಕ್ಕೆ ತಂದುಬಿಡುತ್ತಾರೆ. ಕನ್ನಡ ಚೆನ್ನಾಗುತ್ತದೆ, ದಾರಿ ಮುಚ್ಚುತ್ತದೆ.

ಇನ್ನೊಂದು ಕಡೆ ಘಟಸರ್ಪ ಒಂದು ಮಲಗಿದೆ. (ಆಡಬೇಕೆಂದಿರುವವರು ಈ ಪ್ಯಾರಾ ಹಾರಿಸಿ.) ಅದನ್ನು ಕೊಲ್ಲು ಎಂದರೆ ಆಟ, ಎಂತದರಿಂದ, ಬರಿಗೈಯಿಂದಲಾ ಎಂದು ಗೇಲಿ ಮಾಡುತ್ತದೆ. ಓದಿದವರಿಗೆ ಇದು ಗೇಲಿ ಎಂದೇ ಕಾಣುತ್ತದೆ. ಆದರೆ ‘ಹೌದು’ ಎಂದು ಬರೆದರೆ ಘಟಸರ್ಪ ನಿಜವಾಗಿ ಸಾಯುತ್ತದೆ! ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ಪಂಡಿತರು, ಈ ಸಾಲನ್ನು ‘ಬರಿಗೈಯಿಂದ ಅದು ಸಾಧ್ಯವಿಲ್ಲ’ ಎಂದು ಮಾಡಿದ್ದರು. ವಾಕ್ಯದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಪ್ರಶ್ನೆಯೇ ಇಲ್ಲದಲ್ಲಿ ಹೌದು ಎನ್ನುವವರು ಯಾರು? ಅಂದಿನಿಂದ ನಮ್ಮಲ್ಲಿ ಒಂದು ನಿಯಮ. ಆಟವನ್ನು ಕೊನೆಯವರೆಗೆ ಆಡದವರು ಒಂದು ಸಾಲನ್ನೂ ಮುಟ್ಟುವ ಹಾಗಿಲ್ಲ. ಪಂಡಿತರೂ ಈಗ ಆಡುತ್ತಿದ್ದಾರೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ಕಡಲ್ಗಳ್ಳ ನಿಧಿ ಕದ್ದುಕೊಂಡು ಹೋದ ಎಂದು ದೂರು ಹೇಳುತ್ತಾರೆ.

ಮಂತ್ರದ ಪದಗಳನ್ನು ಏನು ಮಾಡುವುದು ಎಂಬುದು ಬೇಗ ಮುಗಿಯಿತು. ಗೋಡೆಯ ಮೇಲೆ ಎಕ್ಸ್, ವೈ, ಝಡ್, ಝಡ್, ವೈ ಎಂದು ಬರೆದಿರುತ್ತದೆ, ಅದನ್ನು ಹೇಳಿದರೆ ಗುಹೆಯಿಂದ ಮನೆಗೆ ಹಾರಬಹುದು. ಅರ್ಥ ಏನೂ ಇಲ್ಲ, ಉಚ್ಚಾರವೂ ಕಷ್ಟ. ನಮ್ಮ ವರ್ಣಮಾಲೆಯಲ್ಲಿ ಮಕ್ಕಳು ಕಲಿತು ಆಮೇಲೆ ಬಿಡಿಯಾಗಿ ಬಳಸುವುದೇ ಅಪರೂಪವಾದ ಎರಡು ಅಕ್ಷರ ಇವೆಯಲ್ಲ, ಙ ಮತ್ತು ಞ. ‘ಙಞಙಙಞ’ ಎಂದು ಇಟ್ಟೆವು. ಕೀಬೋರ್ಡಿನಲ್ಲಿ ಅವೆರಡು ಎಲ್ಲಿವೆ ಎಂದು ಹುಡುಕುವುದೇ ಮಕ್ಕಳಿಗೆ ಒಂದು ಉಪ ಆಟ.

ಕೆಲವರು ಇದನ್ನೆಲ್ಲ ಪೂರ್ತಿ ನಮ್ಮೂರಿನದ್ದೇ ಮಾಡಿಬಿಡಿ ಎಂದು ಸಲಹೆ ಕೊಟ್ಟರು. ಇಟ್ಟಿಗೆ ಕಟ್ಟಡ ಬೇಡ, ಕೆಂಪುಕಲ್ಲಿನದ್ದು ಮಾಡಿ. ಕೆಂಟಕಿ ಬೇಡ, ನಮ್ಮ ಬಾಯಾರು ಊರು ಎನ್ನಿ. ನಾನು ಒಪ್ಪಲಿಲ್ಲ. ಕ್ರೌದರ್ ತಾನು ಮೊಣಕಾಲೂರಿ ತೆವಳಿದ ಗುಹೆಯನ್ನು ಮಕ್ಕಳಿಗೆ ತೋರಿಸಲು ಬರೆದದ್ದು. ಗುಹೆ ಅವರದ್ದೇ ಇರಲಿ. ಆದರೆ ಅದರೊಳಗೆ ಹೋಗುವ ಮಾತು ನಮ್ಮದಾಗಬೇಕು. ಆ ಮಾತು ನಮ್ಮಲ್ಲಿ ಬೇಕಾದಷ್ಟಿದೆ. ಪೈವಳಿಕೆ, ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನಿಲ್ಲುವಷ್ಟು ಅಗಲ. ಮುರಕಲ್ಲು ಕೊರೆಯುತ್ತಾ ಹೋದರೆ ಒಳಗೆ ಒರತೆ ಸಿಗುತ್ತದೆ, ನೀರು ಪಂಪಿಲ್ಲದೆ ತಾನಾಗಿ ಹರಿದು ಬರುತ್ತದೆ. ನಮ್ಮ ಅಡಿಕೆ ತೋಟಕ್ಕೂ ಅದೇ ನೀರು. ಸುರಂಗ ಕೊರೆಯುವ ನಮ್ಮೂರಿನ ಅಜ್ಜನೊಬ್ಬರಿಗೆ ಆಟದ ಕೆಲವು ಜಾಗಗಳನ್ನು ಓದಿ ಹೇಳಿದೆ. ಕಂಪ್ಯೂಟರ್ ಮುಟ್ಟಿದವರಲ್ಲ. ಕತ್ತಲೆಯಲ್ಲಿ ಮುಂದೆ ಹೋದರೆ ಗುಂಡಿಗೆ ಬೀಳುತ್ತೀರಿ ಎಂಬ ಎಚ್ಚರಿಕೆ ಕೇಳಿ ತಲೆಯಾಡಿಸಿದರು. ಲಾಟೀನಿನ ಬ್ಯಾಟರಿ ಇಂತಿಷ್ಟು ಹೆಜ್ಜೆಗೆ ಮುಗಿಯುತ್ತದೆ ಎಂದಾಗ, “ಬೆಳಕು ಇದ್ರೆ ಆಯ್ತಾ? ಗಾಳಿ ಇದೆಯಾ ಅಂತ ನೋಡ್ಲಿಕ್ಕೆ ಎಂತ ಉಂಟು?” ಎಂದು ಕೇಳಿದರು. ಅವರು ಕ್ಯಾಂಡಲ್ ಹಚ್ಚಿಕೊಂಡು ಹೋಗುವುದು ಬೆಳಕಿಗೆ ಮಾತ್ರ ಅಲ್ಲ. ಅದು ಮಂಕಾದರೆ ಹಿಂದೆ ಬರಬೇಕು ಎಂದು ಲೆಕ್ಕ. ಕ್ರೌದರ್‌ಗೂ ಈ ಅಜ್ಜನಿಗೂ ಮಾತಾಡಲು ಕೂತರೆ ಒಂದಿಡೀ ಸಂಜೆ ಸಾಲದು.

ಈಗ ನಾನು ಹೇಳಬೇಕಾದ್ದಕ್ಕೆ ಬರುತ್ತೇನೆ. ಕನ್ನಡ ತಂತ್ರಾಂಶ ಎಂದು ಅಲ್ಲಲ್ಲಿ ಅನುವಾದ ಶಿಬಿರ ನಡೆಯುತ್ತವೆ. ಅಲ್ಲಿ ಒಂದು ಕಡೆ ಇಂಗ್ಲಿಷ್ ಸಾಲು, ಇನ್ನೊಂದು ಕಡೆ ಖಾಲಿ ಜಾಗ ಇರುವ ಪಟ್ಟಿ ಕೊಡುತ್ತಾರೆ. ತುಂಬಿಸಿ ಕೊಟ್ಟು ಮನೆಗೆ ಬನ್ನಿ, ಅಷ್ಟೇ. ಪ್ರೋಗ್ರಾಂ ಮುಟ್ಟಲು ಭಾಷೆಯವರಿಗೆ ಬಿಡುವುದಿಲ್ಲ. ಪ್ರೋಗ್ರಾಂ ಮಾಡುವವರು ಭಾಷೆಯ ತಂಟೆಗೆ ಬರುವುದಿಲ್ಲ. ನಮ್ಮ ಆಟದಲ್ಲೇ ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಒಂದಕ್ಕಿಂತ ಜಾಸ್ತಿ ಆದಾಗ ಪದದ ಬಾಲಕ್ಕೆ ಇಂಗ್ಲಿಷಿನ ‘ಎಸ್’ ಅಂಟಿಸುವ ಕೆಲಸವನ್ನು ಪ್ರೋಗ್ರಾಮೇ ಮಾಡುತ್ತದೆ. ಕನ್ನಡದಲ್ಲಿ ಐದು ಸಲ ಎಂದರೆ ಸಲ ಸಲವೇ, ಬಾಲ ಇಲ್ಲ. ಗುಹೆಯೊಳಗಿನ ಕುಳ್ಳರು ಬಂದರೆ ಐದು ಕುಳ್ಳ ಎಂದು ಹೇಳಲಾಗದು, ಐದು ಮಂದಿ ಎನ್ನಬೇಕು. ಪಟ್ಟಿ ತುಂಬಿಸುವವರು ಇದು ಗೊತ್ತಿಲ್ಲದೆ ಬರೆದರೆ ಈ ‘ಎಸ್’ ಎಲ್ಲಿಂದಲೋ ಬಂದು ಕೂರುತ್ತದೆ. ಮತ್ತೆ ನೋಡಿದವರು ಕನ್ನಡ ಅನುವಾದ ಸರಿಯಿಲ್ಲ ಎನ್ನುತ್ತಾರೆ.

ಯಂತ್ರಕ್ಕಾಗಿ ಭಾಷೆಯನ್ನು ಬಗ್ಗಿಸಿದರೆ ಏನಾಗುತ್ತದೆ ಎಂದು ಕೇರಳದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟೈಪ್‌ರೈಟರಿಗೂ ಅಚ್ಚುಮೊಳೆಗೂ ಸರಿಯಾಗಲಿ ಎಂದು 1971ರಲ್ಲಿ ಮಲಯಾಳಂ ಲಿಪಿಯನ್ನೇ ಬಿಡಿಸಿ ಹೊಸ ಲಿಪಿ ತಂದರು. ಆ ಟೈಪ್‌ರೈಟರುಗಳು ಗುಜರಿಗೆ ಹೋದವು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಜಾಗ ಕೊಡುವ ಯುನಿಕೋಡ್ ಬಂದ ಮೇಲೆ ಹಳೆ ಲಿಪಿಯ ಫಾಂಟ್‌ಗಳು ಮತ್ತೆ ಬಂದವು, ನನ್ನ ಮಲಯಾಳಿ ನೆರೆಯವರು ಅದರಲ್ಲೇ ಮದುವೆ ಕಾಗದ ಹೊಡೆಸುತ್ತಾರೆ. ಕನ್ನಡ ಆಗ ಬಗ್ಗಲಿಲ್ಲ. ಈಗ ಇಷ್ಟು ಬಲವಾದ ಕಂಪ್ಯೂಟರ್ ಇರುವಾಗ ಬಗ್ಗಬೇಕಾದದ್ದು ಯಾರು?

ಹಾಗೆಂದು ಎಲ್ಲವೂ ಸಲೀಸಾಗಿ ಆಗಿದೆ ಎಂದಲ್ಲ. ಆಟದ ಮೂಲ ಕಪ್ಪು ಪರದೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಜಾಗ. ಕನ್ನಡದ ಒತ್ತುಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಕೊನೆಗೆ ಬ್ರೌಸರಿನಲ್ಲಿ ಓಡುವ ಹಾಗೆ ಮಾಡಬೇಕಾಯಿತು. ‘ಹಕ್ಕಿಯನ್ನು ಹಿಡಿ’ ಎಂದು ವಿಭಕ್ತಿ ಸೇರಿಸಿ ಬರೆದರೆ ಈಗ ಒಪ್ಪುತ್ತದೆ. ‘ಬಾಟಲಿಯ ನೀರನ್ನು ಗಿಡಕ್ಕೆ ಹಾಕು’ ಎಂದರೆ ಇನ್ನೂ ಒಪ್ಪುವುದಿಲ್ಲ, ಎರಡು ಪದದ ಮಿತಿ ಇದೆಯಲ್ಲ. ಅದನ್ನು ಹಾಗೇ ಬಿಡೋಣ ಎಂಬುದು ನನ್ನ ಅಭಿಪ್ರಾಯ, ತಂಗಿಯ ಮಗನಿಗೆ ಸಮಾಧಾನ ಇಲ್ಲ.

ಒಂದು ಸಂತೋಷದ ವಿಷಯ ಇದೆ. ಈ ತಿದ್ದಿದ ಪ್ರೋಗ್ರಾಂ ಮಲಯಾಳಕ್ಕೂ ಆಗುತ್ತದೆ. ಅಲ್ಲಿಯೂ ಒಂದು ಚಿಹ್ನೆಗೆ ಮೂರು ಬೈಟ್, ಅಲ್ಲಿಯೂ ಕ್ರಿಯಾಪದ ಕೊನೆಗೆ. ತುಳುವನ್ನು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಅದಕ್ಕಂತೂ ಮಾತು ಬದಲಾಯಿಸಿದರೆ ಸಾಕು. ಪಕ್ಕದ ಮನೆಯ ಆ ಹುಡುಗಿ ಆಗಲೇ ಶುರು ಮಾಡಿದ್ದಾಳೆ.

ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ಐ.ಟಿ. ಕ್ಲಬ್ಬುಗಳಿವೆ. ಶಾಲೆಯ ಕಂಪ್ಯೂಟರುಗಳಲ್ಲಿ ಇರುವುದು ಮುಕ್ತ ತಂತ್ರಾಂಶವೇ. ಕನ್ನಡ ಮಾಧ್ಯಮದ ಮಕ್ಕಳೂ ಐ.ಟಿ. ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಈ ಜಿಲ್ಲೆಯ ಕನ್ನಡ ಶಾಲೆಗಳ ಕ್ಲಬ್ಬುಗಳು ಇಂಥದ್ದೊಂದು ಆಟವನ್ನು ಕೈಗೆತ್ತಿಕೊಳ್ಳಬಹುದು. ಕನ್ನಡ ಟೀಚರ್ ಮತ್ತು ಐ.ಟಿ. ಟೀಚರ್ ಒಂದೇ ಮೇಜಿಗೆ ಕೂರಬೇಕು, ಅಷ್ಟೇ. ಬೇರೆ ಬೇರೆ ಪೀರಿಯಡ್ ಮಾಡಿ ಹಂಚಿದರೆ ಮತ್ತೆ ಅದೇ ಪಟ್ಟಿ ತುಂಬಿಸುವ ಕೆಲಸ ಆಗುತ್ತದೆ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಗುಹೆಯ ಒಳಗಿನ ಕೆಲವಕ್ಕೆ ನಮಗೆ ಇನ್ನೂ ಸರಿಯಾದ ಪದ ಸಿಕ್ಕಿಲ್ಲ. ಹೊಟ್ಟೆಯ ಮೇಲೆ ತೆವಳಿದರೆ ಮಾತ್ರ ದಾಟಬಹುದಾದ ತಗ್ಗು ದಾರಿ, ಮೇಲಿನಿಂದ ನೇರ ಕೆಳಗಿಳಿಯುವ ಕೊರೆದ ಗುಂಡಿ, ಮೇಲಿನಿಂದ ಮಣ್ಣು ಕುಸಿದು ಅರ್ಧ ಮುಚ್ಚಿದ ಬಾಯಿ. ಇವಕ್ಕೆ ಸುರಂಗ, ಬಾವಿ ತೋಡುವವರಲ್ಲಿ ಮಾತಿರುತ್ತದೆ. ಮಕ್ಕಳ ಪುಟದಲ್ಲಿ ಒಂದು ಸಣ್ಣ ಮೂಲೆ ಕೊಟ್ಟರೆ ಪಟ್ಟಿ ಕಳಿಸುತ್ತೇನೆ. ಮಕ್ಕಳು ಮನೆಯ ಅಜ್ಜಂದಿರನ್ನು ಕೇಳಿ, ಯಾವ ಊರಿನ ಮಾತು ಎಂದೂ ಬರೆದು, ನಿಮ್ಮ ವಿಳಾಸಕ್ಕೆ ಕಳಿಸಲಿ. ಕೆಲಸ ಇಲ್ಲದವರ ಕೆಲಸ ಎಂದು ಬರೆದ ಓದುಗರೂ ಒಂದೆರಡು ಪದ ಕಳಿಸಿದರೆ ಬೇಡ ಎನ್ನುವುದಿಲ್ಲ.

ಇತಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಿಕೆ
ಪೈವಳಿಕೆ, ಕಾಸರಗೋಡು ಜಿಲ್ಲೆ